ಬೆಲ್ಲದ ಅಚ್ಚಿಗೆ ಬ್ಲಾಕ್‌ಚೈನ್ ಏಕೆ ಬೇಕಾಗಲಿಲ್ಲ

ಮಂಡ್ಯ ಸೀಮೆಯ ಹನ್ನೊಂದು ಆಲೆಮನೆಗಳ ಮಾಲೀಕರು ಕೂಡಿ ಕಟ್ಟಿಕೊಂಡ ಗುಂಪೊಂದು ಎರಡು ವರ್ಷಗಳ ಹಿಂದೆ ಮೈಸೂರಿನ ನಮ್ಮ ಕಚೇರಿಗೆ ಬಂದಿತ್ತು. ರಾಸಾಯನಿಕ ಹಾಕದ ಬೆಲ್ಲವನ್ನು ತಮ್ಮದೇ ಮುದ್ರೆಯಲ್ಲಿ ಮಾರುವುದು ಅವರ ಉದ್ದೇಶ. ಪ್ರತಿ ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಇರಬೇಕು, ಅದರ ಹಿಂದೆ ಬ್ಲಾಕ್‌ಚೈನ್ (ಹಲವು ಕಂಪ್ಯೂಟರುಗಳಲ್ಲಿ ಪ್ರತಿಯಿರುವ, ಒಬ್ಬರಿಂದ ತಿದ್ದಲಾಗದ ಖಾತೆ) ಇರಬೇಕು, ಆಗ ಮಾತ್ರ ನಗರದ ಗ್ರಾಹಕರು ನಂಬುತ್ತಾರೆ ಎಂದು ಯಾರೋ ಅವರಿಗೆ ಹೇಳಿದ್ದರು. ಹೇಳಿದವರೇ ಖರ್ಚಿನ ಅಂದಾಜು ಪಟ್ಟಿಯನ್ನೂ ಕೊಟ್ಟಿದ್ದರು. ನಮ್ಮ ತಂಡದ ಕಿರಿಯ ಡೆವಲಪರ್‌ಗಳಿಗೆ ಆ ಕೆಲಸದ ಮೇಲೆ ಬಹಳ ಆಸೆಯಿತ್ತು, ಮತ್ತು ಹೊಸ ತಂತ್ರಜ್ಞಾನವೊಂದನ್ನು ಕೈಯಾರೆ ಕಟ್ಟಿ ನೋಡಬೇಕೆಂಬ ಆ ಆಸೆಯನ್ನು ನಾನು ಗೌರವಿಸುತ್ತೇನೆ. ಆದರೂ ಒಪ್ಪಿಕೊಳ್ಳುವ ಮೊದಲು ಒಂದು ವಾರದ ಸಮಯ ಕೇಳಿದೆವು. ಇದೇ ಬೇಡಿಕೆ ಬೇರೆ ಬೇರೆ ರೂಪದಲ್ಲಿ ನನ್ನ ವೃತ್ತಿಯವರೆಲ್ಲರ ಮುಂದೆ ಬರುತ್ತಲೇ ಇರುವುದರಿಂದ ಆ ವಾರ ನಾವು ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಎರಡು ದಿನ ನಾವು ಕಳೆದದ್ದು ಆಲೆಮನೆಗಳಲ್ಲಿ. ಬೆಲ್ಲಕ್ಕೆ ಹೊಂಬಣ್ಣ ಬರಲೆಂದು ಕುದಿಯುವ ಕಬ್ಬಿನ ಹಾಲಿಗೆ ಕೆಲವರು ಸೋಡಿಯಂ ಹೈಡ್ರೋಸಲ್ಫೈಟ್ ಹಾಕುತ್ತಾರೆ. ಊರಿನವರ ಬಾಯಲ್ಲಿ ಅದು ಹೈಡ್ರೋಸ್. ಕಬ್ಬಿನ ಬೆಲೆ ಏರಿದಾಗ ಅಗ್ಗದ ಸಕ್ಕರೆಯನ್ನು ಕೊಪ್ಪರಿಗೆಗೆ ಸುರಿಯುವುದೂ ಉಂಟು. ಎರಡೂ ನಡೆಯುವುದು ಒಲೆಯ ಮುಂದೆ, ಯಾವ ಕಂಪ್ಯೂಟರೂ ಕಾಣದ ಜಾಗದಲ್ಲಿ. ಬರೆದಿಟ್ಟ ದಾಖಲೆಯನ್ನು ಆಮೇಲೆ ಯಾರೋ ತಿದ್ದಿದರು ಎಂಬ ದೂರು ಆ ಗುಂಪಿನಲ್ಲಿ ಒಮ್ಮೆಯೂ ಬಂದಿರಲಿಲ್ಲ. ಅಂದರೆ ನಂಬಿಕೆ ಮುರಿಯುವ ಜಾಗ ದಾಖಲೆಗಿಂತ ಹಿಂದಿನ ಹೆಜ್ಜೆಯಲ್ಲಿತ್ತು, ಬ್ಲಾಕ್‌ಚೈನ್ ಕಾಯುವುದು ದಾಖಲೆ ಬರೆದ ನಂತರದ ಹೆಜ್ಜೆಯನ್ನು.

ಈ ವ್ಯತ್ಯಾಸವನ್ನು ಗುಂಪಿನವರಿಗೆ ವಿವರಿಸಲು ನಾನು ಬಳಸಿದ್ದು ಮೈಸೂರಿನದೇ ಒಂದು ವಸ್ತುವನ್ನು, ಚುನಾವಣೆಯ ಅಳಿಸಲಾಗದ ಶಾಯಿಯನ್ನು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1937ರಲ್ಲಿ, ಸ್ಥಾಪನೆಯಾದ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆ 1962ರ ಮಹಾ ಚುನಾವಣೆಯಿಂದ ಈ ಶಾಯಿಯನ್ನು ಪೂರೈಸುತ್ತಿದೆ. ಒಬ್ಬನೇ ವ್ಯಕ್ತಿ ಎರಡು ಮತಗಟ್ಟೆಗಳಲ್ಲಿ ಮತ ಹಾಕದಂತೆ ತಡೆಯಬೇಕು, ಆದರೆ ಪ್ರತಿ ಮತಗಟ್ಟೆಯೂ ಉಳಿದವುಗಳನ್ನು ಆ ಕ್ಷಣದಲ್ಲೇ ಕೇಳಿ ನೋಡಲಾಗದು ಎಂಬ ಇಕ್ಕಟ್ಟಿಗೆ ಕಂಡುಕೊಂಡ ಪರಿಹಾರವದು: ದಾಖಲೆಯನ್ನು ಮತದಾರನ ಬೆರಳಿನ ಮೇಲೆಯೇ ಬರೆದುಬಿಡುವುದು. ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್‌ನಲ್ಲಿ ಹೊರಬಂದ ಬಿಟ್‌ಕಾಯಿನ್ ಪ್ರಬಂಧ ಬಿಡಿಸಹೊರಟದ್ದೂ ಇದನ್ನು ಹೋಲುವ ಒಂದು ಗಂಟನ್ನೇ. ಡಿಜಿಟಲ್ ನಾಣ್ಯವನ್ನು ನಕಲು ಮಾಡುವುದು ಸುಲಭ. ಒಂದೇ ನಾಣ್ಯವನ್ನು ಇಬ್ಬರಿಗೆ ಕೊಡದಂತೆ, ನಡುವೆ ಬ್ಯಾಂಕೂ ಇಲ್ಲದೆ, ತಡೆಯುವುದು ಹೇಗೆ? ಅದಕ್ಕೆ ಕಂಡುಕೊಂಡ ಉತ್ತರ ಎಲ್ಲರ ಬಳಿಯೂ ಪ್ರತಿಯಿರುವ, ಒಬ್ಬರಿಂದ ತಿದ್ದಲಾಗದ ಒಂದೇ ಖಾತೆ. ಆದರೆ ಶಾಯಿ ಎರಡನೆಯ ಮತವನ್ನು ತಡೆಯುತ್ತದೆಯೇ ಹೊರತು, ಮುಂದೆ ನಿಂತ ವ್ಯಕ್ತಿ ಪಟ್ಟಿಯಲ್ಲಿರುವ ಅದೇ ಮತದಾರನೇ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಗುರುತಿನ ಚೀಟಿಯನ್ನು ನೋಡುವ ಅಧಿಕಾರಿ ಬೇಕು, ಎದುರಿನಲ್ಲಿ ಕುಳಿತ ಏಜೆಂಟರ ಕಣ್ಣು ಬೇಕು. ಬೆಲ್ಲದ ವಿಷಯದಲ್ಲಿ ನಮಗೆ ಬೇಕಾಗಿದ್ದದ್ದು ಆ ಅಧಿಕಾರಿ. ಅಂದಾಜು ಪಟ್ಟಿಯಲ್ಲಿ ಇದ್ದದ್ದು ಬರೀ ಶಾಯಿ.

ಬಿಟ್‌ಕಾಯಿನ್ ತನ್ನ ಗುರಿಗಾಗಿ ತೆರುವ ಬೆಲೆಯನ್ನೂ ತಿಳಿದುಕೊಳ್ಳಬೇಕು. ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್ (ವಹಿವಾಟುಗಳ ಕಂತೆ), ಸೆಕೆಂಡಿಗೆ ಸುಮಾರು ಏಳು ವಹಿವಾಟು, ದೊಡ್ಡ ಮೊತ್ತವಾದರೆ ಆರು ಬ್ಲಾಕ್ ಕಳೆಯುವವರೆಗೆ ಒಂದು ಗಂಟೆ ಕಾಯುವುದು ರೂಢಿ. 2016ರಲ್ಲಿ ಆರಂಭವಾದ ನಮ್ಮ ಯುಪಿಐ ಈಗ ತಿಂಗಳಿಗೆ ಸಾವಿರ ಕೋಟಿಗೂ ಮೀರಿದ ವಹಿವಾಟು ನಡೆಸುತ್ತದೆ, ಅಂದರೆ ಸೆಕೆಂಡಿಗೆ ಸರಾಸರಿ 3,800ಕ್ಕೂ ಹೆಚ್ಚು. ಇದರಿಂದ ಬಿಟ್‌ಕಾಯಿನ್ ಕಳಪೆ ಎಂದಾಗುವುದಿಲ್ಲ. ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ಸೇರಬಹುದಾದ, ಯಾರನ್ನೂ ನಂಬಬೇಕಿಲ್ಲದ ಜಾಲವೊಂದು ನಿಲ್ಲಬೇಕಾದರೆ ಅಷ್ಟು ನಿಧಾನವೂ, ಗಣಿಗಾರಿಕೆಯಲ್ಲಿ, ಅಂದರೆ ಹೊಸ ಬ್ಲಾಕ್ ಸೇರಿಸುವ ಪೈಪೋಟಿಯಲ್ಲಿ, ಕಂಪ್ಯೂಟರುಗಳು ಸುಡುವ ವಿದ್ಯುತ್ತೂ ಅದರ ಸುಂಕ. ಯುಪಿಐ ಮಧ್ಯದಲ್ಲೊಂದು ಸಂಸ್ಥೆಯನ್ನು ನಂಬುತ್ತದೆ, ಆದ್ದರಿಂದ ಆ ಸುಂಕ ಅದಕ್ಕಿಲ್ಲ. ಹನ್ನೊಂದು ಜನ ಪರಸ್ಪರ ಹೆಸರು ಹಿಡಿದು ಕರೆಯುವ ಗುಂಪು ಅದನ್ನು ಏಕೆ ಕಟ್ಟಬೇಕು?

ಸದಸ್ಯರು ಪರಿಚಿತರಾದರೆ ಖಾಸಗಿ ಬ್ಲಾಕ್‌ಚೈನ್ ಉಂಟಲ್ಲ ಎಂದು ನಮ್ಮ ಹುಡುಗರು ವಾದಿಸಿದರು. ವಾದ ಸರಿಯಾಗಿಯೇ ಇತ್ತು, ಆದ್ದರಿಂದ ಅದರ ಮೇಲೆ ಹೆಚ್ಚು ಹೊತ್ತು ಕುಳಿತೆವು. ಸದಸ್ಯರಲ್ಲಿ ಕೆಲವರು ಸುಳ್ಳು ಹೇಳಿದರೂ ಉಳಿದವರು ಒಮ್ಮತಕ್ಕೆ ಬರುವುದು ಹೇಗೆ ಎಂಬ ಪ್ರಶ್ನೆಯನ್ನು ಲ್ಯಾಂಪೋರ್ಟ್, ಶೋಸ್ಟಾಕ್ ಮತ್ತು ಪೀಸ್ 1982ರಲ್ಲೇ ಬೈಜಾಂಟೈನ್ ಸೇನಾಪತಿಗಳ ಸಮಸ್ಯೆಯಾಗಿ ಮುಂದಿಟ್ಟಿದ್ದರು. 1999ರಲ್ಲಿ ಕಾಸ್ಟ್ರೊ ಮತ್ತು ಲಿಸ್ಕೊವ್ ಅದಕ್ಕೆ ಬಳಕೆಗೆ ಒದಗುವ ವೇಗದ ಪರಿಹಾರ ಕೊಟ್ಟರು. ಒಬ್ಬ ಸುಳ್ಳನನ್ನು ತಾಳಿಕೊಳ್ಳಲು ನಾಲ್ಕು ನೋಡ್ (ಜಾಲದಲ್ಲಿ ಪಾಲ್ಗೊಳ್ಳುವ ಕಂಪ್ಯೂಟರು) ಬೇಕು, ಇಬ್ಬರನ್ನು ತಾಳಿಕೊಳ್ಳಲು ಏಳು. ಉದ್ಯಮಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಖಾಸಗಿ ಬ್ಲಾಕ್‌ಚೈನ್ ತಂತ್ರಾಂಶವಾದ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಹಲವು ವರ್ಷ ರಾಫ್ಟ್ ಎಂಬ ವಿಧಾನದಿಂದಲೇ ವಹಿವಾಟುಗಳ ಕ್ರಮವನ್ನು ನಿರ್ಧರಿಸುತ್ತಿತ್ತು. ರಾಫ್ಟ್, ಕೆಟ್ಟು ನಿಂತ ನೋಡನ್ನು ತಾಳಿಕೊಳ್ಳುತ್ತದೆ, ಸುಳ್ಳು ಹೇಳುವ ನೋಡನ್ನಲ್ಲ. ಬೈಜಾಂಟೈನ್ ದೋಷವನ್ನು ತಾಳುವ ಕ್ರಮನಿರ್ಣಯ ಅದರಲ್ಲಿ ಅಧಿಕೃತವಾಗಿ ಬಂದದ್ದು 2024ರ ಮೂರನೆಯ ಆವೃತ್ತಿಯಲ್ಲಿ. ಮೋಸವನ್ನು ತಡೆಯಲೆಂದೇ ಬ್ಲಾಕ್‌ಚೈನ್ ಎಂದು ಹೇಳಿ ಮಾರಿದ ವ್ಯವಸ್ಥೆಗಳನ್ನು ಕಟ್ಟಿದವರು ಈ ಒಂದು ಸಾಲನ್ನು ಗ್ರಾಹಕರಿಗೆ ಹೇಳಿದ್ದರೇ ಎಂದು ನನಗೆ ಪ್ರಾಮಾಣಿಕವಾಗಿ ಕಳವಳವಾಗುತ್ತದೆ.

ಇನ್ನೂ ಸರಳವಾದ ದೋಷವೊಂದನ್ನು ನಾನೇ ನೋಡಿದ್ದೇನೆ. ಹಿಂದೆ ನಾನು ಪರಿಶೀಲನೆಗೆ ಹೋಗಿದ್ದ ಒಂದು ಯೋಜನೆಯಲ್ಲಿ ಐದು ಸಂಸ್ಥೆಗಳ ಹೆಸರಿನ ಐದು ನೋಡ್‌ಗಳಿದ್ದವು, ಆದರೆ ಐದೂ ತಂತ್ರಾಂಶ ಕಟ್ಟಿಕೊಟ್ಟವರ ಒಂದೇ ಕ್ಲೌಡ್ ಖಾತೆಯಲ್ಲಿ ಓಡುತ್ತಿದ್ದವು, ದಾಖಲೆಗೆ ಸಹಿ ಮಾಡುವ ಐದರ ಗುಪ್ತ ಕೀಲಿಗಳೂ ಒಬ್ಬರೇ ನಿರ್ವಾಹಕರ ಬಳಿಯಿದ್ದವು. ಆ ಒಬ್ಬರು ಮನಸ್ಸು ಮಾಡಿದರೆ ಇಡೀ ಸರಪಳಿಯನ್ನು ಮೊದಲಿಂದ ಮತ್ತೆ ಬರೆಯಬಹುದಿತ್ತು. ಹಂಚಿಕೆ ಚಿತ್ರಪಟದಲ್ಲಿತ್ತು, ಯಂತ್ರಗಳಲ್ಲಿ ಇರಲಿಲ್ಲ. ಬೆಲ್ಲದ ಗುಂಪಿನ ವಿಷಯದಲ್ಲೂ ಅದೇ ಆಗುತ್ತಿತ್ತು, ಏಕೆಂದರೆ ಆಲೆಮನೆಯಲ್ಲಿ ಸರ್ವರ್ ಇಟ್ಟು, ಅದಕ್ಕೆ ಕಾಲಕಾಲಕ್ಕೆ ತಿದ್ದುಪಡಿ ಹಾಕಿ, ಕರೆಂಟು ಹೋದಾಗ ಎಬ್ಬಿಸುವವರು ಯಾರು?

ದೊಡ್ಡವರ ಅನುಭವವೂ ಇದಕ್ಕಿಂತ ಬೇರೆಯಲ್ಲ. ಮೆರ್ಸ್ಕ್ ಮತ್ತು ಐಬಿಎಂ 2018ರಲ್ಲಿ ಪ್ರಕಟಿಸಿದ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ಆಧಾರಿತ ಹಡಗು ಸಾಗಣೆ ವೇದಿಕೆಯನ್ನು ಮುಚ್ಚುವುದಾಗಿ 2022ರ ನವೆಂಬರ್‌ನಲ್ಲಿ ಘೋಷಿಸಿದವು. ಉದ್ಯಮದ ಪೂರ್ಣ ಸಹಕಾರ ದೊರೆಯಲಿಲ್ಲವೆಂಬುದೇ ಅವರು ಕೊಟ್ಟ ಕಾರಣ. ಅದೇ ತಿಂಗಳು ಆಸ್ಟ್ರೇಲಿಯಾದ ಷೇರು ವಿನಿಮಯ ಕೇಂದ್ರ ತನ್ನ ಬ್ಲಾಕ್‌ಚೈನ್ ಮಾದರಿಯ ಹೊಸ ಇತ್ಯರ್ಥ ವ್ಯವಸ್ಥೆಯನ್ನು ಕೈಬಿಟ್ಟು ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರನ್ನು ನಷ್ಟವೆಂದು ಬರೆದುಕೊಂಡಿತು.

ನಮ್ಮಲ್ಲಿ ಹೆಚ್ಚು ಕೇಳಿಬರುವ ಇನ್ನೊಂದು ಸಲಹೆ ಭೂದಾಖಲೆಯದು. ಪಹಣಿಯನ್ನು ಬ್ಲಾಕ್‌ಚೈನಿಗೆ ಹಾಕಿದರೆ ವ್ಯಾಜ್ಯವೇ ಇರುವುದಿಲ್ಲ ಎನ್ನುವವರು ತಾಲ್ಲೂಕು ಕಚೇರಿಯ ಮುಂದೆ ಒಂದು ದಿನ ಕುಳಿತು ನೋಡಬೇಕು. ಜಗಳ ಹುಟ್ಟುವುದು ಪೌತಿ ಖಾತೆ ಆಗದೆ ಉಳಿದಲ್ಲಿ, ಪೋಡಿಯಾಗದ ಜಂಟಿ ಹಿಡುವಳಿಯಲ್ಲಿ, ಅಳತೆ ಮಾಡದ ಬದುವಿನಲ್ಲಿ. ಭೂಮಿ ಯೋಜನೆ ಈ ಶತಮಾನದ ಆರಂಭದಲ್ಲೇ ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ತಂದು ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ ಗುಟ್ಟಾಗಿ ತಿದ್ದುವ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು, ಅದೂ ಸಾಮಾನ್ಯ ಡೇಟಾಬೇಸಿನಿಂದ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೆಯ ಕಲಮಿನ ಪ್ರಕಾರ ಪಹಣಿಯ ನಮೂದು ವಿರುದ್ಧವಾದದ್ದು ಸಾಬೀತಾಗುವವರೆಗೆ ಮಾತ್ರ ಸತ್ಯ. ನಾಳೆ ನ್ಯಾಯಾಲಯ ಬೇರೆಯದನ್ನು ಹೇಳಿದರೆ ನಮೂದು ಬದಲಾಗಲೇಬೇಕು. ಆದ್ದರಿಂದ ಅಲ್ಲಿ ಬೇಕಾಗಿರುವುದು ಬದಲಾಗದ ದಾಖಲೆಯಲ್ಲ. ಯಾರು, ಯಾವಾಗ, ಯಾವ ಆದೇಶದ ಮೇಲೆ ಬದಲಿಸಿದರು ಎಂಬುದು ಅಳಿಯದೆ ಉಳಿಯುವ ದಾಖಲೆ. ತಿದ್ದಲಾಗದು ಎಂಬ ತತ್ವಕ್ಕೆ ಎಲ್ಲಕ್ಕಿಂತ ಬಿಗಿಯಾಗಿ ಅಂಟಿಕೊಂಡವರೂ 2016ರಲ್ಲಿ ಇಂಥದೇ ಕವಲಿಗೆ ಬಂದು ನಿಂತರು. ಇಥೀರಿಯಮ್ ಎಂಬ ಬ್ಲಾಕ್‌ಚೈನ್ ಮೇಲಿನ ಡಿಎಒ ಎಂಬ ಹೂಡಿಕೆ ನಿಧಿಯಿಂದ ಸುಮಾರು 36 ಲಕ್ಷ ಇಥರ್ (ಅದರ ನಾಣ್ಯ) ಕಳುವಾದಾಗ ಬಹುಪಾಲು ಸದಸ್ಯರು ಕೂಡಿ ಅದನ್ನು ಹಿಂತಿರುಗಿಸುವಂತೆ ಸರಪಳಿಯನ್ನೇ ಕವಲೊಡೆಸಿದರು, ಒಪ್ಪದವರು ಹಳೆಯ ಕವಲಿನಲ್ಲಿ ಉಳಿದರು.

ಬ್ಲಾಕ್‌ಚೈನಿನೊಳಗೆ ನಮ್ಮಂಥವರಿಗೆ ನಿಜವಾಗಿ ಉಪಯೋಗವಾಗುವ ಭಾಗ ಅದಕ್ಕಿಂತ ಹಳೆಯದು. ಒಂದು ಕಡತವನ್ನು ಎಸ್‌ಎಚ್‌ಎ-256 ಎಂಬ ಗಣಿತಕ್ಕೆ ಕೊಟ್ಟರೆ 64 ಅಕ್ಷರಗಳ ಹ್ಯಾಶ್ ಬರುತ್ತದೆ; ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಹೊಸ ದಾಖಲೆಯಲ್ಲಿ ಹಿಂದಿನ ದಾಖಲೆಯ ಹ್ಯಾಶನ್ನೂ ಸೇರಿಸುತ್ತಾ ಹೋದರೆ ನಡುವಿನ ಒಂದನ್ನು ತಿದ್ದಿದವನು ಮುಂದಿನದೆಲ್ಲವನ್ನೂ ತಿದ್ದಬೇಕಾಗುತ್ತದೆ. ಹೇಬರ್ ಮತ್ತು ಸ್ಟೋರ್ನೆಟ್ಟಾ ಇದನ್ನು 1991ರಲ್ಲೇ ಬರೆದಿದ್ದರು. 1995ರಿಂದ ಅವರ ಸಂಸ್ಥೆ ವಾರವಾರದ ಹ್ಯಾಶನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಜಾಹೀರಾತಿನಂತೆ ಅಚ್ಚು ಹಾಕಿಸುತ್ತಿತ್ತು. ಪತ್ರಿಕೆಯ ಸಾವಿರಾರು ಪ್ರತಿಗಳನ್ನು ಮನೆಮನೆಗೆ ಹೋಗಿ ತಿದ್ದಲು ಯಾರಿಂದಾದೀತು? ತಂತ್ರಾಂಶದ ಬದಲಾವಣೆಗಳ ದಾಖಲೆಯಿಡಲು ನಾವು ದಿನವೂ ಬಳಸುವ ಗಿಟ್ ಇದೇ ಸರಪಳಿಯ ಮೇಲೆ ನಿಂತಿದೆ. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಿಜಿನೋಟಾರ್ ಎಂಬ, ಜಾಲತಾಣಗಳು ಅಸಲಿ ಎಂದು ಪ್ರಮಾಣಪತ್ರ ಕೊಡುತ್ತಿದ್ದ ಸಂಸ್ಥೆಗೆ ಕನ್ನ ಹಾಕಿ ಗೂಗಲ್ ಹೆಸರಿನ ನಕಲಿ ಪ್ರಮಾಣಪತ್ರ ಹೊರಡಿಸಿದ ಮೇಲೆ, ಜಾಲತಾಣಗಳ ಪ್ರಮಾಣಪತ್ರಗಳನ್ನು ಸೇರಿಸಬಹುದಾದ ಆದರೆ ತೆಗೆಯಲಾಗದ ಸಾರ್ವಜನಿಕ ದಾಖಲೆಗೆ ಹಾಕುವ ಪದ್ಧತಿ ಬಂತು. ಅದರಲ್ಲಿ ನಾಣ್ಯವಿಲ್ಲ, ಗಣಿಗಾರಿಕೆಯಿಲ್ಲ, ಒಮ್ಮತದ ಕಸರತ್ತಿಲ್ಲ. ಇಂದು ಅಂತರ್ಜಾಲದ ಸುರಕ್ಷತೆಯ ದೊಡ್ಡ ಭಾರವನ್ನು ಅದು ಹೊತ್ತಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ವಿದ್ಯುನ್ಮಾನ ದಾಖಲೆಗೆ ಲಗತ್ತಿಸುವ ಪ್ರಮಾಣಪತ್ರದ ನಮೂನೆಯಲ್ಲೂ ಹ್ಯಾಶ್ ಬರೆಯುವ ಜಾಗವಿದೆ.

ಕೊನೆಗೆ ನಾವು ಕಟ್ಟಿದ್ದು ಸಾದಾ ಪೋಸ್ಟ್‌ಗ್ರೆಸ್ ಡೇಟಾಬೇಸ್. ಪ್ರತಿ ಕೊಪ್ಪರಿಗೆಯ ದಾಖಲೆಯನ್ನು ಅದರ ಮಾಲೀಕರು ತಮ್ಮ ಫೋನಿನಲ್ಲಿರುವ ಕೀಲಿಯಿಂದ ಸಹಿ ಮಾಡುತ್ತಾರೆ, ಪ್ರತಿ ದಾಖಲೆಯೂ ಹಿಂದಿನದರ ಹ್ಯಾಶ್ ಹೊತ್ತಿರುತ್ತದೆ. ಸಂಜೆ ದಿನದ ಕೊನೆಯ ಹ್ಯಾಶ್ ಹನ್ನೊಂದು ಜನರ ಫೋನಿಗೂ ಸಂದೇಶವಾಗಿ ಹೋಗುತ್ತದೆ, ಮರುದಿನದ ರಸೀದಿಗಳ ಮೇಲೆ ಅಚ್ಚಾಗುತ್ತದೆ. ನಾವೇ ಡೇಟಾಬೇಸನ್ನು ಗುಟ್ಟಾಗಿ ತಿದ್ದಿದರೂ ಆ ರಸೀದಿಗಳ ಮುಂದೆ ಸಿಕ್ಕಿಬೀಳುತ್ತೇವೆ. ಹೆಸರು, ಫೋನ್ ಸಂಖ್ಯೆಗಳು ಸರಪಳಿಯಲ್ಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಳಿಸುವಂತೆ ಕೇಳುವ ಹಕ್ಕನ್ನು ಕೊಟ್ಟಿರುವಾಗ ಅವನ್ನು ಅಳಿಯದ ಜಾಗದಲ್ಲಿ ಬರೆಯುವುದು ತಪ್ಪು. ಒಬ್ಬ ಮಾಲೀಕರ ಫೋನ್ ಕಳೆದುಹೋದಾಗ ಗುಂಪಿನ ಇಬ್ಬರು ಪದಾಧಿಕಾರಿಗಳ ಒಪ್ಪಿಗೆಯಿಂದ ಹಳೆಯ ಕೀಲಿಯನ್ನು ರದ್ದುಮಾಡಿ ಹೊಸದು ಕೊಟ್ಟೆವು. ಬಿಟ್‌ಕಾಯಿನ್‌ನಂಥ ಜಾಲದಲ್ಲಿ ಹಾಗೆ ಕೇಳಲು ಒಂದು ಬಾಗಿಲೂ ಇರುತ್ತಿರಲಿಲ್ಲ. ಖರ್ಚು ಉಳಿದ ಹಣದಲ್ಲಿ ಗುಂಪಿನವರು ಪ್ರತಿ ವಾರ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸುವ ಏರ್ಪಾಡು ಮಾಡಿಕೊಂಡರು. ವರದಿಯ ಹ್ಯಾಶ್ ಆ ಕೊಪ್ಪರಿಗೆಯ ಬೆಲ್ಲದ ದಾಖಲೆಗೆ ಸೇರುತ್ತದೆ, ಗ್ರಾಹಕರು ಕ್ಯೂಆರ್ ತೆರೆದರೆ ವರದಿಯೇ ಕಾಣುತ್ತದೆ.

ಬ್ಲಾಕ್‌ಚೈನ್ ಎಲ್ಲೂ ಬೇಡ ಎಂಬ ನಿಲುವು ನನ್ನದಲ್ಲ. ಪರಸ್ಪರ ನಂಬದ ಹಲವು ಸಂಸ್ಥೆಗಳು ಒಂದೇ ಖಾತೆಗೆ ಬರೆಯಬೇಕಾಗಿದ್ದು, ಯಾರೊಬ್ಬರನ್ನೂ ಪಾಲಕರೆಂದು ಉಳಿದವರು ಒಪ್ಪದೆ ಇದ್ದು, ಪ್ರತಿಯೊಬ್ಬರೂ ಸ್ವಂತ ಯಂತ್ರ ಮತ್ತು ಎಂಜಿನಿಯರ್‌ಗಳನ್ನು ಇಟ್ಟುಕೊಳ್ಳಬಲ್ಲವರಾಗಿದ್ದು, ಬರೆಯುವ ವಿಷಯವೂ ಕಂಪ್ಯೂಟರಿನಲ್ಲೇ ಹುಟ್ಟಿದ್ದಾದರೆ ನಾನು ಅದನ್ನೇ ಸೂಚಿಸುತ್ತೇನೆ. ಮೈಸೂರು-ಮಂಡ್ಯದ ಕೆಲಸಗಳಲ್ಲಿ ಈ ನಾಲ್ಕೂ ಕೂಡಿ ಬಂದದ್ದನ್ನು ನಾನಿನ್ನೂ ಕಂಡಿಲ್ಲ.

ಕಳೆದ ಹಂಗಾಮಿನಲ್ಲಿ ಎರಡು ಕೊಪ್ಪರಿಗೆಗಳ ಬೆಲ್ಲ ಪರೀಕ್ಷೆಯಲ್ಲಿ ಸೋತಿತು. ಆ ದಾಖಲೆ ತೆಗೆದುಹಾಕಿ ಎಂದು ಮಾಲೀಕರೊಬ್ಬರು ನಮ್ಮನ್ನು ಕೇಳಿಕೊಂಡರು. ಅಷ್ಟರಲ್ಲಿ ಆ ದಿನದ ಹ್ಯಾಶ್ ಉಳಿದ ಹತ್ತು ಜನರ ರಸೀದಿಗಳ ಮೇಲೆ ಅಚ್ಚಾಗಿತ್ತು. ಮುಂದಿನ ಸಭೆಯಲ್ಲಿ ಗುಂಪಿನವರು ಆ ವಿಷಯವನ್ನು ಬಹಿರಂಗವಾಗಿಯೇ ಚರ್ಚಿಸಿ, ಇನ್ನುಮೇಲೆ ಮಾದರಿಯನ್ನು ಆಯಾ ಆಲೆಮನೆಯವರ ಬದಲು ಇನ್ನೊಂದು ಊರಿನ ಸದಸ್ಯರು ಬಂದು ತೆಗೆಯಬೇಕೆಂದು ತೀರ್ಮಾನಿಸಿದರು. ಮಾದರಿ ತೆಗೆದವರ ಸಹಿಗೂ ಜಾಗ ಮಾಡಿಕೊಡುವ ಕೆಲಸವನ್ನು ನಮ್ಮ ಹುಡುಗರು ಈ ವಾರ ಮುಗಿಸುತ್ತಿದ್ದಾರೆ.