ಉತ್ತರಕ್ಕಿಂತ ಮೊದಲು ಪ್ರಶ್ನೆ ಬದಲಾಗುತ್ತದೆ

"ತಲೆನೇ ಓಡ್ತಾ ಇಲ್ಲ ಮೇಡಂ" ಎನ್ನುತ್ತ ನನ್ನ ಬಳಿ ಬರುವವರು ಜಾಸ್ತಿ. ನಾನು ಮನಶ್ಶಾಸ್ತ್ರಜ್ಞೆ. ಸಂಶೋಧಕರು, ಇಂಜಿನಿಯರುಗಳು, ವಿನ್ಯಾಸಕಾರರ ಜೊತೆ ನನ್ನ ಕೆಲಸ. ವಾರಗಟ್ಟಲೆ ಕೂತರೂ ಏನೂ ಹೊಳೆಯುತ್ತಿಲ್ಲ ಎನ್ನುವುದು ಅವರ ಕೊರಗು. ಮಾತಾಡಿಸಿದರೆ ಗೊತ್ತಾಗುತ್ತದೆ, ತಲೆ ಚೆನ್ನಾಗಿಯೇ ಓಡುತ್ತಿದೆ. ಆದರೆ ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತುತ್ತಿದೆ.

ಒಬ್ಬ ಯುವ ಇಂಜಿನಿಯರ್ ಬಂದಿದ್ದರು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ಬಯಲಲ್ಲಿ ಇಡುವ ಒಂದು ಉಪಕರಣದ ಪೆಟ್ಟಿಗೆ ಅವರದ್ದು. ಅದರೊಳಗೆ ನೀರು ಸೇರುತ್ತಿತ್ತು. ಮುಚ್ಚಳದ ಸಂದು ಮುಚ್ಚುವ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಮೂರು ಬಗೆಯದನ್ನು ಹಾಕಿ ನೋಡಿದ್ದರು. ಸ್ಕ್ರೂ ಹೆಚ್ಚಿಸಿದ್ದರು. ನೀರು ನಿಲ್ಲಲಿಲ್ಲ. ನಿಮ್ಮ ಸಮಸ್ಯೆಯನ್ನು ಒಂದೇ ಸಾಲಿನಲ್ಲಿ ಬರೆದುಕೊಡಿ ಎಂದೆ. "ನೀರು ಒಳಗೆ ಬಾರದಂತೆ ತಡೆಯುವುದು ಹೇಗೆ?" ಎಂದು ಬರೆದರು. ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಷ್ಟು ಸಲೀಸಾಗಿ ಬಂದ ಪ್ರಶ್ನೆಯನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಏಕೆಂದರೆ ಮೊದಲ ಯೋಚನೆ ಬರುವುದು ಅಭ್ಯಾಸದಿಂದ. ಅಬ್ರಹಾಂ ಲೂಚಿನ್ಸ್ ಎಂಬ ಮನಶ್ಶಾಸ್ತ್ರಜ್ಞ 1942ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮೂರು ಜಾಡಿಗಳು: 21, 127 ಮತ್ತು 3 ಅಳತೆಯವು. ಅವುಗಳಿಂದಲೇ 100 ಅಳತೆ ನೀರು ತೆಗೆಯಬೇಕು. ದೊಡ್ಡದನ್ನು ತುಂಬಿ, 21 ಒಂದು ಸಲ, 3 ಎರಡು ಸಲ ತೆಗೆದರೆ ಆಯಿತು. ಇದೇ ದಾರಿಯಲ್ಲಿ ಬಿಡಿಸುವ ಲೆಕ್ಕಗಳನ್ನು ಸಾಲಾಗಿ ಕೊಟ್ಟು, ಆಮೇಲೆ 23, 49, 3ರ ಜಾಡಿಗಳಿಂದ 20 ತೆಗೆಯಿರಿ ಎಂದರು. 23ರಿಂದ 3 ತೆಗೆದರೆ ಮುಗಿಯಿತು, ಅಲ್ವಾ? ಆದರೆ ಬಹಳ ಮಂದಿ ಮತ್ತೆ 49ನ್ನೇ ತುಂಬಿ, ಅದೇ ಉದ್ದ ದಾರಿ ಹಿಡಿದರು. ಹಿಂದಿನ ಲೆಕ್ಕಗಳನ್ನು ಮಾಡದೆ ನೇರವಾಗಿ ಇದಕ್ಕೆ ಬಂದವರಿಗೆ ಸುಲಭದ ದಾರಿ ಬೇಗ ಕಂಡಿತು. ಬುದ್ಧಿ ಕಮ್ಮಿಯಾಗಿ ಹೀಗಾಗುವುದಲ್ಲ. ಗೆದ್ದ ದಾರಿಯನ್ನು ಬಿಡಲು ಮನಸ್ಸು ಒಪ್ಪುವುದಿಲ್ಲ.

ಕೆಲಸವನ್ನು ಸ್ವಲ್ಪ ಪಕ್ಕಕ್ಕಿಟ್ಟರೆ ಒಳ್ಳೆಯದು ಎನ್ನುವುದರ ಒಂದು ಕಾರಣ ಇದೇ. ಸುಮ್ನೆ ನಡೆದಾಡುವಾಗ ಹಳೆಯ ದಾರಿಯ ಹಿಡಿತ ಸಡಿಲವಾಗುತ್ತದೆ. ಆದರೆ ಮೊದಲು ಕೈಸೋಲುವಷ್ಟು ಗುದ್ದಾಡಿರಬೇಕು. ಏನೂ ಹಾಕದೆ ಮುಚ್ಚಿಟ್ಟ ಮಡಕೆಯಲ್ಲಿ ಏನೂ ಹುದುಗುವುದಿಲ್ಲ.

ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದದ್ದು ಐರ್ಲೆಂಡಿನ ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್‌ರ ಕಥೆ. ಮೂರು ಮೂರು ಸಂಖ್ಯೆಗಳ ಗುಂಪುಗಳನ್ನು ಒಂದಕ್ಕೊಂದು ಗುಣಿಸುವುದು ಹೇಗೆ ಎಂದು ಅವರು ವರ್ಷಗಳ ಕಾಲ ಒದ್ದಾಡಿದ್ದರು. ಬೆಳಗ್ಗೆ ತಿಂಡಿಗೆ ಬಂದರೆ ಮಕ್ಕಳು ಕೇಳುವರು, ಅಪ್ಪ, ಗುಣಿಸಲು ಬಂತಾ ಎಂದು. ಇಲ್ಲಪ್ಪ, ಕೂಡುವುದು ಕಳೆಯುವುದು ಮಾತ್ರ ಬರುತ್ತದೆ ಎಂದು ಅವರು ಬೇಸರದಿಂದ ತಲೆಯಾಡಿಸುವರು. 1843ರ ಅಕ್ಟೋಬರ್ 16ರಂದು ಹೆಂಡತಿಯ ಜೊತೆ ಡಬ್ಲಿನ್ನಿನ ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದಾಗ ಹೊಳೆಯಿತು. ಮೂರು ಸಾಲದು, ನಾಲ್ಕು ಬೇಕು! ಅಲ್ಲೇ ಸೇತುವೆಯ ಕಲ್ಲಿನ ಮೇಲೆ ಚಾಕುವಿನಿಂದ ಸೂತ್ರ ಕೆತ್ತಿದರು.

ಎಲ್ಲರೂ ಆ ಚಾಕುವನ್ನು ನೆನಪಿಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಅವರು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ. ಪ್ರಶ್ನೆಯೇ ಬದಲಾಯಿತು. ಅದಕ್ಕೆ ಬೆಲೆಯನ್ನೂ ತೆರಬೇಕಾಯಿತು. ನಾಲ್ಕನ್ನು ಐದರಿಂದ ಗುಣಿಸಿದರೂ ಐದನ್ನು ನಾಲ್ಕರಿಂದ ಗುಣಿಸಿದರೂ ಒಂದೇ ಎಂದು ನಾವು ಚಿಕ್ಕಂದಿನಿಂದ ನಂಬಿದ್ದೇವೆ. ನಾಲ್ಕು ನಾಲ್ಕರ ಗುಂಪುಗಳಾದ ಈ ಹೊಸ ಸಂಖ್ಯೆಗಳಲ್ಲಿ ಆ ನಿಯಮ ನಡೆಯುವುದಿಲ್ಲ. ಕ್ರಮ ಬದಲಿಸಿದರೆ ಉತ್ತರವೂ ಬದಲಾಗಬಹುದು. ಅಷ್ಟು ಹಳೆಯ ನಂಬಿಕೆಯನ್ನು ಕೈಬಿಡಲು ವರ್ಷಗಳು ಹಿಡಿದರೆ ಅದೇನು ದೊಡ್ಡ ಮಾತು?

ಇಂಗ್ಲೆಂಡಿನ ಚಿಂತಕ ಗ್ರಹಾಂ ವಾಲಸ್ 1926ರಲ್ಲಿ ಹೊಸದು ಹೊಳೆಯುವ ಈ ಪಯಣವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು: ತಯಾರಿ, ಒಳಗೇ ಹುದುಗುವುದು, ಹೊಳೆಯುವುದು, ಪರೀಕ್ಷಿಸುವುದು. ಇಂದಿಗೂ ಉಪಯುಕ್ತವಾದ ವಿಂಗಡಣೆ. ಆದರೆ ನಾನು ಕಂಡವರಲ್ಲಿ ಯಾರೂ ಸಾಲಾಗಿ ನಾಲ್ಕು ಮೆಟ್ಟಿಲು ಹತ್ತಿದ್ದಿಲ್ಲ. ಪರೀಕ್ಷೆಗೆ ಹೋಗಿ ಮತ್ತೆ ತಯಾರಿಗೆ ಇಳಿಯುತ್ತಾರೆ. ಎಷ್ಟೋ ಸಲ ಹೊಳೆದದ್ದು ತಪ್ಪಾಗಿರುತ್ತದೆ, ಆ ಕ್ಷಣದ ಖುಷಿ ಮಾತ್ರ ಸರಿ ಉತ್ತರದಷ್ಟೇ ಗಟ್ಟಿ. ಹಾಗಾಗಿ ಹೊಳೆದದ್ದನ್ನು ತಕ್ಷಣ ಬರೆದಿಡಿ, ಮಾರನೆಯ ದಿನ ಅನುಮಾನದಿಂದ ಓದಿ ಎಂದು ಎಲ್ಲರಿಗೂ ಹೇಳುತ್ತೇನೆ.

ಆ ಇಂಜಿನಿಯರಿಗೆ ನಾನು ಕೊಟ್ಟ ಕೆಲಸ ಇಷ್ಟೇ: ಅದೇ ಸಾಲನ್ನು "ತಡೆಯುವುದು" ಎಂಬ ಪದವಿಲ್ಲದೆ ಹತ್ತು ಬಗೆಯಲ್ಲಿ ಬರೆದು ತನ್ನಿ. ಏಳನೆಯದರಲ್ಲಿ ಸಿಕ್ಕಿತು. "ಬಂದ ನೀರು ಹೊರಗೆ ಹೋಗುವುದು ಹೇಗೆ?" ಆಮೇಲೆ ಯೋಚನೆ ಸರಾಗವಾಯಿತು. ಹಗಲು ಪೆಟ್ಟಿಗೆ ಕಾದು ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ತೇವದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ತೇವವೇ ಹನಿಯಾಗಿ ನಿಲ್ಲುತ್ತದೆ. ಅವರು ಹುಡುಕುತ್ತಿದ್ದ ಮಳೆ ನೀರು ಅದಾಗಿರಲೇ ಇಲ್ಲ. ತಳದಲ್ಲಿ ಒಂದು ಸಣ್ಣ ತೂತು ಕೊರೆದರು. ಮೊದಲ ಪರೀಕ್ಷೆಯಲ್ಲಿ ನೆಲದಿಂದ ಸಿಡಿದ ನೀರು ಅದರಿಂದಲೇ ಒಳಗೆ ಬಂತು. ತೂತಿನ ಜಾಗ ಬದಲಿಸಿ, ಕೆಳಗೊಂದು ಅಡ್ಡ ತಗಡು ಕೂರಿಸಿದರು. ಮುಂದಿನ ಭೇಟಿಗೆ ಪೆಟ್ಟಿಗೆಯನ್ನೇ ಹೊತ್ತು ತಂದು, ನನ್ನ ಮೇಜಿನ ಮೇಲೆ ಮುಚ್ಚಳ ತೆಗೆದು, ಒಳಗೆ ಬೆರಳಾಡಿಸಿ ತೋರಿಸಿದರು. ಒಣಗಿತ್ತು.