ಮೇಟ್ರನ್ ಕೈಯಲ್ಲಿದ್ದ ಬೀಗದ ಕೈ

1939ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನ ಚಾಟ್ಸ್‌ವರ್ತ್ ಅರಮನೆಗೆ ಒಂದು ಇಡೀ ಶಾಲೆ ಗಂಟುಮೂಟೆ ಸಮೇತ ಬಂದಿಳಿಯಿತು. ವೇಲ್ಸ್ ಕರಾವಳಿಯ ಕಾಲ್ವಿನ್ ಬೇಯಲ್ಲಿದ್ದ ಪೆನ್‌ರೋಸ್ ಕಾಲೇಜು ಅದು. ಹೆಸರು ಕಾಲೇಜು, ಇದ್ದದ್ದು ಹೆಣ್ಣುಮಕ್ಕಳ ವಸತಿ ಶಾಲೆ. ಯುದ್ಧ ಶುರುವಾಗುತ್ತಿದ್ದಂತೆ ಅದರ ಕಟ್ಟಡ ಆಹಾರ ಸಚಿವಾಲಯದ ಪಾಲಾಗಿತ್ತು. ಅರಮನೆಯ ಒಡೆಯ ಡ್ಯೂಕ್‌ನ ಲೆಕ್ಕಾಚಾರ ಸರಳ. ಹೇಗೂ ಮನೆಯನ್ನು ಯಾರಿಗಾದರೂ ಬಿಟ್ಟುಕೊಡಬೇಕು, ಸೈನಿಕರಿಗಿಂತ ಶಾಲಾ ಹುಡುಗಿಯರು ವಾಸಿ.

ಸುಮಾರು 300 ಹುಡುಗಿಯರು 1946ರವರೆಗೂ ಅಲ್ಲಿದ್ದರು. ರಾಜ ರಾಣಿಯರು ಬಂದರೆ ಇರಲೆಂದು ಕಟ್ಟಿಸಿದ್ದ ಕೋಣೆಗಳಲ್ಲಿ ಸಾಲು ಮಂಚ ಹಾಕಿದರು. ರಸಾಯನಶಾಸ್ತ್ರದ ಪಾಠ ಕುದುರೆ ಲಾಯಕ್ಕೆ ಹೋಯಿತು. ಮುಚ್ಚಿದ ಕಿಟಕಿಗಳ ಹಿಂದೆ ಅಷ್ಟು ಜನ ಉಸಿರಾಡಿ ಮಲಗಿದ್ದರಿಂದ ತೇವ ಕಟ್ಟಿ, ಗೋಡೆಯ ಕೆಲವು ಚಿತ್ರಪಟಗಳ ಬೆನ್ನಿಗೆ ಬೂಸ್ಟು ಬೆಳೆಯಿತಂತೆ.

ಇಷ್ಟೆಲ್ಲ ಅಡಿಮೇಲಾದರೂ ದಿನಚರಿ ಮಾತ್ರ ಕದಲಲಿಲ್ಲ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ದೀಪ ಆರಿದ ಮೇಲೆ ಪಿಟ್ಟೆನ್ನಬಾರದು, ಭಾನುವಾರ ಮನೆಗೆ ಕಾಗದ ಬರೆಯಬೇಕು. ಇಂಥ ಶಾಲೆಗಳಲ್ಲಿ ಆ ಕಾಲದಲ್ಲಿ ಓದಿದವರು ‘ಅದೆಲ್ಲ ಅನಾದಿಯಿಂದ ಬಂದದ್ದು’ ಎನ್ನುವುದುಂಟು. ಕೆದಕಿ ನೋಡಿದರೆ ಆ ಅನಾದಿಗೆ ಆಗ ಎಪ್ಪತ್ತು ವರ್ಷವೂ ಆಗಿರಲಿಲ್ಲ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಸೇಂಟ್ ಲಿಯೊನಾರ್ಡ್ಸ್ ಶಾಲೆ ಶುರುವಾದದ್ದು 1877ರಲ್ಲಿ. ಬ್ರೈಟನ್ನಿನಲ್ಲಿ ಲಾರೆನ್ಸ್ ಮನೆತನದ ಅಕ್ಕತಂಗಿಯರು ರೋಡೀನ್ ಕಟ್ಟಿದ್ದು 1885ರಲ್ಲಿ. ಅದಕ್ಕೂ ಮುಂಚೆ ಅನುಕೂಲಸ್ಥರ ಮನೆಯ ಹೆಣ್ಣುಮಕ್ಕಳಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಸ್ವಲ್ಪ ಫ್ರೆಂಚ್, ಸ್ವಲ್ಪ ಪಿಯಾನೊ, ಒಂದಿಷ್ಟು ಕಸೂತಿ. ಹೊಸ ಶಾಲೆಗಳನ್ನು ಕಟ್ಟಿದ ಹೆಂಗಸರು ಹಟದವರು. ಹುಡುಗಿಯರಿಗೆಂದು ಬೇರೊಂದು ಮೆತ್ತನೆಯ ವ್ಯವಸ್ಥೆ ಮಾಡಿದರೆ ಅದನ್ನು ಎರಡನೇ ದರ್ಜೆ ಎಂದೇ ನೋಡುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಹಾಗಾಗಿ ಗಂಡುಮಕ್ಕಳ ಶಾಲೆಯ ಹೌಸ್ ಎಂಬ ಗುಂಪುಗಳು, ಕಿರಿಯರ ಮೇಲೆ ಕಣ್ಣಿಡುವ ಹಿರಿಯ ವಿದ್ಯಾರ್ಥಿ ಅಂದರೆ ಪ್ರಿಫೆಕ್ಟ್, ಕ್ಯಾಪ್ಟನ್, ಮೈದಾನ ಎಲ್ಲವನ್ನೂ ಎತ್ತಿ ತಂದರು. ಜೊತೆಗೆ ಅಲ್ಲಿನ ಚಳಿಯನ್ನೂ ತಂದರು ಅನ್ನಬೇಕು.

ತುದಿಗೆ ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಲಕ್ರಾಸ್ ಆಟದ ಕಥೆ ಇನ್ನೂ ಸ್ವಾರಸ್ಯದ್ದು. ಇಂಗ್ಲಿಷ್ ಹುಡುಗಿಯರ ಶಾಲೆಯ ಗುರುತೇ ಆಗಿಹೋದ ಈ ಆಟ ಉತ್ತರ ಅಮೆರಿಕದ ಮೂಲನಿವಾಸಿಗಳದು. ಸೇಂಟ್ ಲಿಯೊನಾರ್ಡ್ಸ್‌ನ ಮೊದಲ ಮುಖ್ಯೋಪಾಧ್ಯಾಯಿನಿ ಲೂಯಿಸಾ ಲಮ್ಸ್‌ಡೆನ್ 1884ರಲ್ಲಿ ಕೆನಡಾಗೆ ಹೋಗಿದ್ದಾಗ ಅದನ್ನು ಕಂಡು ಮರುಳಾದರು. 1890ರಲ್ಲಿ ಆಟ ಶಾಲೆಯ ಮೈದಾನಕ್ಕೆ ಬಂತು.

ಜಿಮ್‌ಸ್ಲಿಪ್ ಕೂಡ ಹೀಗೇ. ತೋಳಿಲ್ಲದ, ಅಗಲ ನೆರಿಗೆಯ ಈ ಉಡುಪನ್ನು 1890ರ ದಶಕದಲ್ಲಿ ರೂಪಿಸಿದ್ದು ಮೇರಿ ಟೇಟ್ ಎಂದು ಹೇಳುತ್ತಾರೆ. ಸ್ವೀಡನ್ನಿನ ಮಾರ್ಟಿನಾ ಬರ್ಗ್‌ಮನ್ ಓಸ್ಟರ್‌ಬರ್ಗ್ ನಡೆಸುತ್ತಿದ್ದ ದೈಹಿಕ ಶಿಕ್ಷಣ ಕಾಲೇಜಿನ ವಿದ್ಯಾರ್ಥಿನಿ ಆಕೆ. ಉಸಿರು ಬಿಗಿಯುವ ಕಾರ್ಸೆಟ್ ಬಿಚ್ಚಿಹಾಕಿ ಹಗ್ಗ ಹತ್ತಲು, ಕುಪ್ಪಳಿಸಲು ಆಗಲಿ ಎಂದು ಹೊಲಿದ ಬಿಡುಗಡೆಯ ಬಟ್ಟೆ ಅದು. 1950ರ ಹೊತ್ತಿಗೆ ಅದೇ ಬಟ್ಟೆ ತೊಟ್ಟವಳನ್ನು ನೆಲದ ಮೇಲೆ ಮಂಡಿಯೂರಿಸಿ, ಅಂಚು ನೆಲದಿಂದ ಎಷ್ಟು ಇಂಚು ಮೇಲಿದೆ ಎಂದು ಸ್ಕೇಲ್ ಹಿಡಿದು ಅಳೆಯುತ್ತಿದ್ದರು.

ಅಳೆಯುತ್ತಿದ್ದವರು ಯಾರು? ಬಹುಪಾಲು ಮದುವೆಯಾಗದ ಹೆಂಗಸರು. ಮೊದಲ ಮಹಾಯುದ್ಧ ಒಂದು ತಲೆಮಾರಿನ ಗಂಡಸರನ್ನು ನುಂಗಿತ್ತು. 1921ರ ಜನಗಣತಿಯಲ್ಲಿ ಗಂಡಸರಿಗಿಂತ ಹೆಂಗಸರು 17 ಲಕ್ಷಕ್ಕೂ ಹೆಚ್ಚಿದ್ದರು. ಪತ್ರಿಕೆಗಳು ಅವರನ್ನು ‘ಹೆಚ್ಚುವರಿ ಹೆಂಗಸರು’ ಎಂದು ಕರೆದವು, ನಾಚಿಕೆಯಿಲ್ಲದೆ. ಸರ್ಕಾರಿ ಶಾಲೆಗಳಲ್ಲಂತೂ ಮದುವೆಯಾದ ಶಿಕ್ಷಕಿ ಕೆಲಸ ಬಿಡಬೇಕೆಂಬ ಕಟ್ಟುಪಾಡು ಬಹಳ ಕಡೆ ಇತ್ತು. ಅದು ತೊಲಗಿದ್ದು 1944ರ ಶಿಕ್ಷಣ ಕಾಯ್ದೆಯಿಂದ. ವಸತಿ ಶಾಲೆ ಈ ಹೆಂಗಸರಿಗೆ ಸಂಬಳವೂ ಆಗಿತ್ತು, ಸೂರೂ ಆಗಿತ್ತು. ಹುಡುಗಿಯರು ರಜೆಗೆ ಮನೆಗೆ ಹೋಗುತ್ತಿದ್ದರು, ಇವರಲ್ಲಿ ಕೆಲವರಿಗೆ ಶಾಲೆಯೇ ಮನೆ. ಅವರ ಕಟ್ಟುನಿಟ್ಟನ್ನು ಗೇಲಿ ಮಾಡುವವರು ಇದನ್ನು ಮರೆಯುತ್ತಾರೆ.

ಗೇಲಿಗೇನೂ ಕೊರತೆ ಇರಲಿಲ್ಲ ಬಿಡಿ. ಎರಡನೇ ಮಹಾಯುದ್ಧದಲ್ಲಿ ರೋಡೀನ್ ಶಾಲೆ ಉತ್ತರ ಇಂಗ್ಲೆಂಡಿನ ಕೆಸ್ವಿಕ್‌ಗೆ ಸ್ಥಳಾಂತರವಾದಾಗ ಅದರ ಕಟ್ಟಡಕ್ಕೆ ನೌಕಾಪಡೆ ಬಂತು. ಡಾರ್ಮಿಟರಿಯಲ್ಲಿ ‘ರಾತ್ರಿ ಮಿಸ್ಟ್ರೆಸ್ ಬೇಕಾದರೆ ಗಂಟೆ ಒತ್ತಿ’ ಎಂಬ ಫಲಕ ಕಂಡು ನಾವಿಕರು ರಾತ್ರಿಯೆಲ್ಲ ಗಂಟೆ ಒತ್ತಿದರೆಂಬ ಕಥೆ ಇಂದಿಗೂ ಓಡಾಡುತ್ತಿದೆ. ಆ ಇಂಗ್ಲಿಷ್ ಪದಕ್ಕೆ ಶಿಕ್ಷಕಿ ಎಂದೂ ಅರ್ಥ, ಪ್ರೇಯಸಿ ಎಂದೂ ಅರ್ಥ.

ಯುದ್ಧ ಇದರ ಮೇಲೆ ಇನ್ನೊಂದು ಪದರ ಹೊದಿಸಿತು. 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆ, ಬೇಕನ್ ರೇಷನ್ನಿಗೆ ಬಂದವು. ವಸತಿ ಶಾಲೆಗೆ ಹೊರಟ ಹುಡುಗಿಯ ಟ್ರಂಕಿನಲ್ಲಿ ಹೆಸರು ನೇಯ್ದ ಪಟ್ಟಿ ಹೊಲಿದ ಬಟ್ಟೆಗಳ ಜೊತೆ ರೇಷನ್ ಪುಸ್ತಕವೂ ಇರಬೇಕು, ತಲುಪಿದ ಕೂಡಲೇ ಒಪ್ಪಿಸಬೇಕು. ವಾರದ ಬೆಣ್ಣೆ ಎಷ್ಟೋ ಸಲ ಎರಡೇ ಔನ್ಸ್, ಅಂದರೆ 57 ಗ್ರಾಂ. ಅನೇಕ ಶಾಲೆಗಳಲ್ಲಿ ಪ್ರತಿಯೊಬ್ಬಳಿಗೂ ಹೆಸರು ಬರೆದ ಪುಟ್ಟ ಬಟ್ಟಲು ಕೊಟ್ಟುಬಿಡುತ್ತಿದ್ದರು. ಮೊದಲೆರಡು ದಿನಕ್ಕೇ ಮುಗಿಸಿದವಳು ಉಳಿದ ದಿನ ಒಣ ಬ್ರೆಡ್ ಅಗಿಯಬೇಕು. ಸ್ನಾನದ ತೊಟ್ಟಿಯಲ್ಲಿ ಐದು ಇಂಚು ನೀರು. 1947ರ ಭೀಕರ ಚಳಿಗಾಲದಲ್ಲಿ ಕಲ್ಲಿದ್ದಲೂ ಕೈಕೊಟ್ಟಿತು. ಬ್ರೆಡ್ಡಿಗೆ ಯುದ್ಧದಲ್ಲೂ ಇಲ್ಲದ ರೇಷನ್ ಯುದ್ಧ ಮುಗಿದ ಮೇಲೆ, 1946ರಲ್ಲಿ, ಬಂದು ಎರಡು ವರ್ಷ ಇತ್ತು.

ಅಷ್ಟರಲ್ಲಿ ಹೊರಗಿನ ಬಾಗಿಲು ತೆರೆಯತೊಡಗಿತ್ತು. 1948ರಲ್ಲಿ ಕೇಂಬ್ರಿಜ್ ಹೆಣ್ಣುಮಕ್ಕಳಿಗೂ ಪೂರ್ಣ ಪದವಿ ಕೊಡತೊಡಗಿತು. ಆಕ್ಸ್‌ಫರ್ಡ್ ಕೊಟ್ಟು ಆಗಲೇ 28 ವರ್ಷವಾಗಿತ್ತು. 1951ರಲ್ಲಿ ಹಳೆಯ ಸ್ಕೂಲ್ ಸರ್ಟಿಫಿಕೇಟ್ ಪರೀಕ್ಷೆ ಹೋಗಿ, ವಿಷಯಕ್ಕೊಂದರಂತೆ ಪಾಸಾಗಬಹುದಾದ ಓ ಲೆವೆಲ್ ಪರೀಕ್ಷೆ ಬಂತು.

ಒಳಗಿನ ಬಾಗಿಲು ಅಷ್ಟು ಸುಲಭಕ್ಕೆ ತೆರೆಯಲಿಲ್ಲ. 1942ರ ಜುಲೈಯಲ್ಲಿ ಮಿಠಾಯಿ, ಚಾಕೊಲೆಟ್‌ಗೆ ರೇಷನ್ ಬಂದಿತ್ತು. 1949ರ ಏಪ್ರಿಲ್‌ನಲ್ಲಿ ತೆಗೆದರು. ಜನ ಅಂಗಡಿಗಳನ್ನೇ ಖಾಲಿ ಮಾಡಿದ್ದರಿಂದ ನಾಲ್ಕೇ ತಿಂಗಳಲ್ಲಿ ಮತ್ತೆ ಹೇರಿದರು. ಕೊನೆಗೂ 1953ರ ಫೆಬ್ರುವರಿ 5ರಂದು ಅದು ಮುಗಿಯಿತು. ಊರ ಮಕ್ಕಳೆಲ್ಲ ಕೂಡಿಟ್ಟ ಕಾಸು ಹಿಡಿದು ಅಂಗಡಿಗೆ ಓಡಿದರು. ಎಷ್ಟೋ ವಸತಿ ಶಾಲೆಗಳಲ್ಲಿ ಮನೆಯಿಂದ ಬಂದ ತಿಂಡಿಯ ಡಬ್ಬಿ ಅದಾದ ಮೇಲೂ, ಹುಡುಗಿಯರ ಆರೈಕೆ ನೋಡಿಕೊಳ್ಳುವ ಮೇಟ್ರನ್ ಕೋಣೆಯ ಬೀರುವಿನಲ್ಲೇ ಇತ್ತು. ಮಧ್ಯಾಹ್ನದ ಊಟವಾದ ಮೇಲೆ ಹುಡುಗಿಯರು ಸಾಲು ನಿಲ್ಲುತ್ತಿದ್ದರು. ಬೀಗ ತೆಗೆದು, ಎಣಿಸಿ, ತಲೆಗೆ ಎರಡೆರಡು.