ಕಪ್‌ಕೇಕ್ ತಣ್ಣಗೆ ತಿನ್ನಬೇಡಿ

ನ್ಯೂಯಾರ್ಕ್‌ನಲ್ಲಿ ಬ್ಲೀಕರ್ ಸ್ಟ್ರೀಟ್ ಮತ್ತು ವೆಸ್ಟ್ 11ನೇ ಸ್ಟ್ರೀಟ್ ಸೇರುವ ಮೂಲೆಯಲ್ಲಿ ಒಂದು ಪುಟ್ಟ ಅಂಗಡಿ ಇದೆ. ಹೆಸರು ಮ್ಯಾಗ್ನೋಲಿಯಾ ಬೇಕರಿ. 1996ರಲ್ಲಿ ಅಲಿಸಾ ಟೋರಿ ಮತ್ತು ಜೆನಿಫರ್ ಆಪೆಲ್ ಸೇರಿ ಶುರು ಮಾಡಿದ್ದು. 2000ದಲ್ಲಿ ‘ಸೆಕ್ಸ್ ಅಂಡ್ ದ ಸಿಟಿ’ ಧಾರಾವಾಹಿಯ ಇಬ್ಬರು ನಾಯಕಿಯರು ಈ ಅಂಗಡಿಯ ಮುಂದೆ ಕೂತು ಕಪ್‌ಕೇಕ್ ತಿನ್ನುವ ದೃಶ್ಯ ಟಿವಿಯಲ್ಲಿ ಬಂತು. ಆಮೇಲೆ ಅಂಗಡಿಯ ಹೊರಗೆ ಉದ್ದುದ್ದ ಸಾಲು ನಿಲ್ಲತೊಡಗಿತು. ಒಬ್ಬರಿಗೆ ಒಂದು ಡಜನ್‌ಗಿಂತ ಜಾಸ್ತಿ ಇಲ್ಲ ಎಂಬ ನಿಯಮವೂ ಬಂತು. 2019ರಲ್ಲಿ ಬೆಂಗಳೂರಿನ ಇಂದಿರಾನಗರಕ್ಕೂ ಈ ಬೇಕರಿ ಕಾಲಿಟ್ಟಿತು. ಭಾರತದಲ್ಲಿ ಅದರ ಮೊದಲ ಅಂಗಡಿ ಅದೇ.

ಇಷ್ಟು ಹೆಸರು ಮಾಡಿದ ತಿಂಡಿಯ ಹಿಂದೆ ಏನೋ ಗುಟ್ಟಿನ ಪಾಕ ಇರಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಅಂಥ ಗುಟ್ಟೇನೂ ಇಲ್ಲ. ಬೇಕರಿ ಶುರು ಮಾಡಿದ ಆ ಇಬ್ಬರೇ 1999ರಲ್ಲಿ ತಮ್ಮ ಅಡುಗೆ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಬಿಟ್ಟರು. 24 ವೆನಿಲ್ಲಾ ಕಪ್‌ಕೇಕ್‌ಗೆ ಒಂದು ಕಪ್ ಬೆಣ್ಣೆ, ಎರಡು ಕಪ್ ಸಕ್ಕರೆ, ನಾಲ್ಕು ಮೊಟ್ಟೆ, ಒಂದು ಕಪ್ ಹಾಲು, ಎರಡೂಮುಕ್ಕಾಲು ಕಪ್ ಮೈದಾ. ಆ ಮೈದಾದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಬೇಕಿಂಗ್ ಪೌಡರ್ ಬೆರೆಸಿಯೇ ಮಾರುವ ಹಿಟ್ಟು. ಒಂದು ಚಮಚ ವೆನಿಲ್ಲಾ. ಅಷ್ಟೇ. ಯಾವ ಅಂಗಡಿಯಲ್ಲೂ ಸಿಗುವ ಸಾಮಾನು.

ಸಾಮಾನು ಒಂದೇ ಆದರೂ ಒಬ್ಬರ ಕಪ್‌ಕೇಕ್ ಹಗುರವಾಗಿ ಬರುತ್ತದೆ, ಇನ್ನೊಬ್ಬರದು ಇಟ್ಟಿಗೆ ಆಗುತ್ತದೆ. ಒಂದೇ ಕಪ್‌ಕೇಕ್ ಮಧ್ಯಾಹ್ನ ಒಂದು ಥರ, ಮಾರನೇ ದಿನ ಫ್ರಿಜ್‌ನಿಂದ ತೆಗೆದಾಗ ಇನ್ನೊಂದು ಥರ. ನನ್ನ ಲೆಕ್ಕದಲ್ಲಿ ಒಳ್ಳೆಯ ಬೇಕರಿಯ ರುಚಿಯನ್ನು ತೀರ್ಮಾನಿಸುವುದು ಎರಡೇ ಸಂಗತಿ: ಬಿಸಿ ಎಷ್ಟು, ಹೊತ್ತು ಎಷ್ಟಾಯಿತು. ಬೆಣ್ಣೆ ಕಡೆಯುವ ಹೊತ್ತಿನಿಂದ ಹಿಡಿದು ನಾಲಿಗೆಯ ಮೇಲೆ ಕರಗುವ ತನಕ ಇವೆರಡೇ ಆಟ ಆಡಿಸುತ್ತವೆ.

ಮೊದಲು ಬೆಣ್ಣೆ. ಕೇಕ್ ಮಾಡುವಾಗ ಬೆಣ್ಣೆಗೆ ಸಕ್ಕರೆ ಹಾಕಿ, ಬಣ್ಣ ಬಿಳುಚಿ ಹಗುರಾಗುವ ತನಕ ಕಡೆಯುತ್ತಾರೆ. ಆ ಪುಸ್ತಕ ಹೇಳುವುದು ಸುಮಾರು 3 ನಿಮಿಷ. ನೋಡುವವರಿಗೆ ಸುಮ್ನೆ ಬೆರೆಸಿದ ಹಾಗೆ ಕಾಣುತ್ತದೆ. ಆದರೆ ಅಲ್ಲಿ ಸಕ್ಕರೆಯ ಹರಳುಗಳು ತಮ್ಮ ಚೂಪು ಅಂಚುಗಳಿಂದ ಗಾಳಿಯನ್ನು ಬೆಣ್ಣೆಯೊಳಕ್ಕೆ ಎಳೆದು ತರುತ್ತಿರುತ್ತವೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಚಿಕ್ಕ ಗುಳ್ಳೆಗಳು. ಬೆಣ್ಣೆ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾದರೆ ಗಟ್ಟಿ, ಗಾಳಿ ಒಳಗೆ ಹೋಗುವುದಿಲ್ಲ. ಕರಗಿದ್ದರೆ ಹೋದ ಗಾಳಿ ನಿಲ್ಲುವುದಿಲ್ಲ. 18ರಿಂದ 21 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಬೆಣ್ಣೆಯಲ್ಲಿ ಸ್ವಲ್ಪ ಕೊಬ್ಬು ಗಟ್ಟಿ, ಸ್ವಲ್ಪ ದ್ರವ. ಬೆರಳಿಂದ ಒತ್ತಿದರೆ ಗುರುತು ಉಳಿಯುತ್ತದೆ, ಆದರೆ ಬೆರಳು ಜಾರುವುದಿಲ್ಲ. ಗುಳ್ಳೆ ಹಿಡಿದಿಡಲು ಆ ಹದವೇ ಬೇಕು. ಬೇಸಿಗೆಯಲ್ಲಿ ನಮ್ಮ ರಾಯಚೂರು, ಕಲಬುರಗಿಯ ಅಡುಗೆಮನೆಯಲ್ಲಿ ಬೆಣ್ಣೆ ಹೊರಗಿಟ್ಟರೆ ಈ ಹದ ದಾಟಿಹೋಗಲು ತಡವೇ ಇಲ್ಲ. ಅಲ್ಲಿ ಬಟ್ಟಲನ್ನೇ ತಣ್ಣೀರಿನ ಮೇಲಿಟ್ಟು ಕಡೆಯಬೇಕು.

ಇಲ್ಲಿ ಒಂದು ಸ್ವಾರಸ್ಯ ಇದೆ. ಕೇಕು ಉಬ್ಬುವುದು ಬೇಕಿಂಗ್ ಪೌಡರ್‌ನಿಂದ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಅದು ಅರ್ಧ ಸತ್ಯ. ಬೇಕಿಂಗ್ ಪೌಡರ್ ಅಂದರೆ ಅಡುಗೆ ಸೋಡಾ ಮತ್ತು ಆಮ್ಲ ಗುಣದ ಒಂದೆರಡು ಲವಣಗಳ ಒಣ ಮಿಶ್ರಣ. ನೀರು ತಾಗಿದಾಗ ಒಂದು ಸಲ, ಬಿಸಿ ತಾಗಿದಾಗ ಇನ್ನೊಂದು ಸಲ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಆದರೆ ಆ ಅನಿಲ ಹೊಸ ಗುಳ್ಳೆಗಳನ್ನು ಹುಟ್ಟಿಸುವುದಿಲ್ಲ. ಆಗಲೇ ಇರುವ ಗುಳ್ಳೆಗಳ ಒಳಗೆ ನುಗ್ಗಿ ಅವನ್ನು ದೊಡ್ಡದು ಮಾಡುತ್ತದೆ. ಗುಳ್ಳೆ ಎಷ್ಟು ಎಂಬುದು ಬೆಣ್ಣೆ-ಸಕ್ಕರೆ ಕಡೆದಾಗಲೇ ತೀರ್ಮಾನ ಆಗಿಹೋಗಿರುತ್ತದೆ. ಅಲ್ಲಿ ಅವಸರ ಮಾಡಿದರೆ ಇರುವ ಕೆಲವೇ ಗುಳ್ಳೆಗಳು ಊದಿಕೊಂಡು ಕೇಕಿನಲ್ಲಿ ದೊಡ್ಡ ದೊಡ್ಡ ತೂತು ಬೀಳುತ್ತವೆ. ಬೇಕಿಂಗ್ ಪೌಡರ್ ಜಾಸ್ತಿ ಹಾಕಿದರೆ ಇದು ಸರಿಹೋಗುವುದಿಲ್ಲ, ಇನ್ನೂ ಕೆಡುತ್ತದೆ. ಗುಳ್ಳೆಗಳು ಒಡೆದು ಕೇಕಿನ ನಡು ಕುಸಿಯುತ್ತದೆ, ಬಾಯಿಗೆ ಸೋಡಾದ ಒಗರು.

ಕಪ್‌ಕೇಕನ್ನು ಅಡ್ಡಕ್ಕೆ ಕತ್ತರಿಸಿ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಚೆನ್ನಾಗಿ ಕಡೆದದ್ದಾದರೆ ತೂತುಗಳೆಲ್ಲ ಸಾಸಿವೆಗಿಂತ ಚಿಕ್ಕವು, ಹೆಚ್ಚುಕಮ್ಮಿ ಒಂದೇ ಅಳತೆಯವು. ಬೆರಳಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಮತ್ತೆ ಮೇಲೇಳುತ್ತದೆ. ಕೆಳಗೆ ಕಾಗದದ ಕಪ್ಪಿನ ಮಡಿಕೆಗಳ ಅಚ್ಚು ಗೆರೆಗೆರೆಯಾಗಿ ಮೂಡಿರುತ್ತದೆ. ಆ ಅಂಚು ಸ್ವಲ್ಪ ಕಂದು, ಸ್ವಲ್ಪ ಗಟ್ಟಿ.

ಆ ಅಂಚಿನಲ್ಲೇ ಕಪ್‌ಕೇಕಿನ ವಿಶೇಷ ಇರುವುದು. ಓವನ್ ಸುಮಾರು 175 ಡಿಗ್ರಿ ಇರುತ್ತದೆ. ಹಿಟ್ಟಿನ ಅಂಚಿಗೆ ಬಿಸಿ ಬೇಗ ತಾಗಿ ಅಲ್ಲಿನ ಮೊಟ್ಟೆಯ ಪ್ರೋಟೀನ್ ಮೊದಲು ಗಟ್ಟಿಯಾಗುತ್ತದೆ. ಮೈದಾದ ಪಿಷ್ಟ ಕೂಡ ನೀರು ಹೀರಿ ಉಬ್ಬಿ ನಿಲ್ಲುತ್ತದೆ. ನಡುವಿನ ಹಿಟ್ಟು ಇನ್ನೂ ತೆಳ್ಳಗೇ ಇರುತ್ತದೆ, ಗುಳ್ಳೆಗಳು ಊದುತ್ತಲೇ ಇರುತ್ತವೆ. ಹೋಗಲು ದಾರಿ ಮೇಲಕ್ಕೆ ಮಾತ್ರ. ಹಾಗಾಗಿ ತಲೆ ಗುಮ್ಮಟದ ಹಾಗೆ ಏಳುತ್ತದೆ. ದೊಡ್ಡ ಕೇಕಿನ ನಡು ಬೇಯುವಷ್ಟರಲ್ಲಿ ಅಂಚು ಒಣಗಿರುತ್ತದೆ. ಕಪ್‌ಕೇಕ್ 20-25 ನಿಮಿಷದಲ್ಲಿ ಬೆಂದು ಮುಗಿಯುತ್ತದೆ. ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಜಾಸ್ತಿ, ಹಾಗಾಗಿ ಪ್ರತಿ ತುತ್ತಿಗೂ ಕಂದು ಅಂಚು ಸಿಗುತ್ತದೆ. ರೊಟ್ಟಿಯ ಕಂದು ಚುಕ್ಕೆಗೆ, ಹುರಿದ ಕಾಫಿ ಬೀಜಕ್ಕೆ ಬರುವ ಘಮದ ಹಿಂದಿರುವ ಮೇಯ್ಯಾರ್ ಕ್ರಿಯೆಯೇ (ಬಿಸಿಗೆ ಸಕ್ಕರೆ ಮತ್ತು ಪ್ರೋಟೀನ್ ಸೇರಿ ಕಂದಾಗುವುದು) ಈ ಅಂಚಿನಲ್ಲೂ ನಡೆದಿರುತ್ತದೆ. ಆದರೆ ಹೊರಮೈ ಜಾಸ್ತಿ ಇರುವುದರಿಂದಲೇ ಕಪ್‌ಕೇಕ್ ಬೇಗ ಒಣಗುತ್ತದೆ ಕೂಡ.

ಈಗ ಮೇಲಿನ ಕ್ರೀಮು. ಮ್ಯಾಗ್ನೋಲಿಯಾದ ಹೆಸರು ನಿಂತಿರುವುದು ಇದರ ಮೇಲೆ. ಚಪ್ಪಟೆ ಅಲಗಿನಿಂದ ಒಂದು ಸುತ್ತು ಸುತ್ತಿ ಬಿಟ್ಟ ತಿಳಿ ಗುಲಾಬಿ, ತಿಳಿ ಹಸಿರು, ತಿಳಿ ನೀಲಿ ಬೆಣ್ಣೆ ಕ್ರೀಮ್. ಪುಸ್ತಕದ ಪ್ರಕಾರ ಒಂದು ಕಪ್ ಬೆಣ್ಣೆಗೆ ಆರರಿಂದ ಎಂಟು ಕಪ್ ಐಸಿಂಗ್ ಸಕ್ಕರೆ, ಅರ್ಧ ಕಪ್ ಹಾಲು. ಕೇಕಿನ ಒಳಗಿನ ಸಕ್ಕರೆಯನ್ನೂ ಸೇರಿಸಿ 24ರಿಂದ ಭಾಗಿಸಿದರೆ, ಒಂದು ಕಪ್‌ಕೇಕಿಗೆ ಹೆಚ್ಚುಕಮ್ಮಿ 50 ಗ್ರಾಂ ಸಕ್ಕರೆ ಬೀಳುತ್ತದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೂ ಸುಮಾರು ಅಷ್ಟೇ. ಹಾಗಾಗಿ ಇಬ್ಬರು ಹಂಚಿಕೊಂಡು ತಿನ್ನುವುದು ಒಳ್ಳೆಯದು.

ಇಷ್ಟು ಸಕ್ಕರೆ ಇದ್ದರೂ ಕ್ರೀಮು ಬಾಯಲ್ಲಿ ಮರಳಿನ ಹಾಗೆ ಆಗದಿರಲು ಕಾರಣ ಪುಡಿಯ ಸಣ್ಣತನ. ತೀರಾ ನುಣ್ಣಗಿನ ಕಣಗಳನ್ನು ನಾಲಿಗೆ ಬಿಡಿಬಿಡಿಯಾಗಿ ಗುರುತಿಸಲಾರದು. ಗಾಳಿಗೆ ಒಡ್ಡಿದ ಮೇಲೆ ಕ್ರೀಮಿನ ಮೇಲ್ಪದರದ ನೀರು ಆರಿ, ಅಲ್ಲಿ ಸಕ್ಕರೆ ಮತ್ತೆ ಹರಳುಗಟ್ಟುತ್ತದೆ. ಕಚ್ಚಿದಾಗ ಮೊದಲು ಕಾಗದದಷ್ಟು ತೆಳುವಾದ ಪೊರೆಯೊಂದು ಮುರಿಯುತ್ತದೆ. ಅದರ ಕೆಳಗೆ ಮೆತ್ತಗಿನ ಬೆಣ್ಣೆ. ನನಗೆ ಇಡೀ ಕಪ್‌ಕೇಕಿನಲ್ಲಿ ತುಂಬ ಇಷ್ಟವಾದ ಕ್ಷಣ ಅದು.

ಆಮೇಲೆ ಕರಗುವ ಆಟ. ಹಾಲಿನ ಕೊಬ್ಬು ಒಂದೇ ಸಲ ಕರಗುವುದಿಲ್ಲ. ತಣ್ಣಗಿನಿಂದ ಶುರುವಾಗಿ ಹಂತಹಂತವಾಗಿ ಕರಗುತ್ತಾ, 32ರಿಂದ 35 ಡಿಗ್ರಿ ಹೊತ್ತಿಗೆ ಪೂರ್ತಿ ದ್ರವ ಆಗುತ್ತದೆ. ನಮ್ಮ ಬಾಯಿಯ ಬಿಸಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಬೆಣ್ಣೆ ಕ್ರೀಮ್ ನಾಲಿಗೆಯ ಮೇಲೆ ಕರಗಿ ಮಾಯವಾಗುತ್ತದೆ. ನಮ್ಮೂರ ಹಳೇ ಬೇಕರಿಗಳ ಹುಟ್ಟುಹಬ್ಬದ ಕೇಕು ನೆನಪಿದೆಯಾ? ಗುಲಾಬಿ ಹೂವಿನ ಕ್ರೀಮು ತಿಂದ ಮೇಲೆ ಅಂಗುಳಿಗೆ ಜಿಡ್ಡು ಅಂಟಿಕೊಂಡು, ನೀರು ಕುಡಿದರೂ ಹೋಗುತ್ತಿರಲಿಲ್ಲ. ಅಂಥ ಕ್ರೀಮಿಗೆ ಬಳಸುತ್ತಿದ್ದ ವನಸ್ಪತಿಯ ಒಂದಷ್ಟು ಭಾಗ ಮೈಬಿಸಿಯಲ್ಲೂ ಗಟ್ಟಿಯಾಗೇ ಉಳಿಯುತ್ತದೆ. ಅದಕ್ಕೇ ಆ ಕ್ರೀಮಿನ ಗುಲಾಬಿ ನಮ್ಮ ಸೆಕೆಯಲ್ಲೂ ಇಳಿಯದೆ ನಿಲ್ಲುತ್ತಿತ್ತು. ಬೆಣ್ಣೆಯ ಹೂವು ಮೇ ತಿಂಗಳಲ್ಲಿ ಅಷ್ಟು ಹೊತ್ತು ನಿಲ್ಲದು. ಸೆಕೆ ಊರಿನ ಬೇಕರಿಯವರು ಕೈಗೆ ಸಿಕ್ಕಿದ್ದರಲ್ಲಿ ಕಂಡುಕೊಂಡ ದಾರಿ ಅದು.

ಇನ್ನು ವೆನಿಲ್ಲಾ. ಕಪ್‌ಕೇಕ್ ಬಾಯಿಗಿಡುವ ಮೊದಲು ಮೂಗು ಗಟ್ಟಿಯಾಗಿ ಹಿಡಿದುಕೊಳ್ಳಿ. ಹಾಗೇ ಅಗಿಯಿರಿ. ಸಿಹಿ ಗೊತ್ತಾಗುತ್ತದೆ, ಚಿಟಿಕೆ ಉಪ್ಪೂ ಗೊತ್ತಾಗಬಹುದು. ವೆನಿಲ್ಲಾ ಮಾತ್ರ ಇಲ್ಲವೇ ಇಲ್ಲ. ಈಗ ಮೂಗು ಬಿಡಿ. ಎಲ್ಲಿತ್ತೋ ಏನೋ, ಘಮ್ ಎಂದು ತುಂಬಿಕೊಳ್ಳುತ್ತದೆ. ಬಾಯಲ್ಲಿ ಬೆಚ್ಚಗಾದ ಕ್ರೀಮಿನಿಂದ ಎದ್ದ ಪರಿಮಳದ ಅಣುಗಳು ಗಂಟಲ ಹಿಂದಿನ ದಾರಿಯಿಂದ ಮೂಗಿಗೆ ಏರುತ್ತವೆ. ನಾವು ನಾಲಿಗೆಯ ರುಚಿ ಅಂದುಕೊಂಡದ್ದರಲ್ಲಿ ದೊಡ್ಡ ಪಾಲು ಈ ಹಿಂಬಾಗಿಲಿನದು.

ಆ ಪರಿಮಳದ ಮುಖ್ಯ ಅಣು ವೆನಿಲಿನ್. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್‌ಮನ್ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಇವತ್ತು ಲೋಕದ ಹೆಚ್ಚಿನ ಕೇಕುಗಳಲ್ಲಿರುವುದು ಹೀಗೆ ತಯಾರಿಸಿದ ವೆನಿಲಿನ್. ಬಳ್ಳಿಯ ನಿಜ ವೆನಿಲ್ಲಾದಲ್ಲಿ ಇದರ ಜೊತೆ ಇನ್ನೂ ನೂರಾರು ಪರಿಮಳದ ಅಣುಗಳಿರುತ್ತವೆ. ಮಲೆನಾಡು, ದಕ್ಷಿಣ ಕನ್ನಡದ ಬೆಳೆಗಾರರಿಗೆ ಈ ಬಳ್ಳಿಯ ಪರಿಚಯ ಚೆನ್ನಾಗಿ ಇದೆ. 2000ದ ನಂತರದ ಕೆಲವು ವರ್ಷ ಮಡಗಾಸ್ಕರ್‌ನ ಬೆಳೆ ಚಂಡಮಾರುತಕ್ಕೆ ಸಿಕ್ಕಿ ಬೆಲೆ ಸಾವಿರಾರು ರೂಪಾಯಿಗೆ ಏರಿತ್ತು. ಅಡಿಕೆ ತೋಟದ ಮರಮರಕ್ಕೂ ವೆನಿಲ್ಲಾ ಹಬ್ಬಿಸಿದರು. ಹೂವು ಅರಳಿದ ಬೆಳಗ್ಗೆಯೇ ಕಡ್ಡಿ ಹಿಡಿದು ಒಂದೊಂದಕ್ಕೂ ಕೈಯಾರೆ ಪರಾಗಸ್ಪರ್ಶ ಮಾಡಬೇಕಿತ್ತು, ಯಾಕೆಂದರೆ ಹೂವು ಒಂದೇ ದಿನದ್ದು. ಆಮೇಲೆ ಬೆಲೆ ಬಿದ್ದಾಗ ಎಷ್ಟೋ ಜನ ಬಳ್ಳಿ ಕಿತ್ತು ಹಾಕಿದರು. ಅಷ್ಟು ಕಷ್ಟದ ಬೆಳೆ ಹಾಗೆ ಹೋದದ್ದು ಇವತ್ತಿಗೂ ಬೇಜಾರಿನ ಸಂಗತಿ.

ಆ ಬೆಳೆಗಾರರನ್ನು ಕೇಳಿ, ಹಸಿ ಕೋಡಿಗೆ ವೆನಿಲ್ಲಾ ಪರಿಮಳ ಇರುವುದೇ ಇಲ್ಲ ಅನ್ನುತ್ತಾರೆ. ಹಸಿಯಲ್ಲಿ ವೆನಿಲಿನ್ ಒಂದು ಸಕ್ಕರೆ ಅಣುವಿಗೆ ಕಟ್ಟಿಕೊಂಡು ಕೂತಿರುತ್ತದೆ. ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲಿಗೆ ಹಾಕಿ, ತಿಂಗಳುಗಟ್ಟಲೆ ಹದಮಾಡಿದಾಗ ಕೋಡಿನೊಳಗಿನ ಕಿಣ್ವ ಆ ಗಂಟನ್ನು ಬಿಚ್ಚುತ್ತದೆ. ಪರಿಮಳ ಹೊರಗೆ ಬರುತ್ತದೆ. ಇಲ್ಲೂ ಬಿಸಿ ಮತ್ತು ಹೊತ್ತಿನದೇ ಕೆಲಸ.

ಬಣ್ಣದ ಬಗ್ಗೆಯೂ ಒಂದು ಮಾತು. ತಿಳಿ ಗುಲಾಬಿಯಾಗಲಿ, ತಿಳಿ ಹಸಿರಾಗಲಿ, ಆ ಕ್ರೀಮಿಗೆ ಹಾಕಿದ್ದು ವೆನಿಲ್ಲಾವೇ. ಆದರೂ ಗುಲಾಬಿ ಬಣ್ಣದ್ದು ಸ್ವಲ್ಪ ಸ್ಟ್ರಾಬೆರಿ ಥರ ಇದೆ ಅನ್ನುವವರು ಬೇಕಾದಷ್ಟು ಜನ. 2001ರಲ್ಲಿ ಫ್ರಾನ್ಸ್‌ನ ಬೋರ್ಡೋದಲ್ಲಿ 54 ಮಂದಿ ವೈನ್ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದ ವರದಿ ಬಂತು. ಬಿಳಿ ವೈನ್‌ಗೆ ರುಚಿಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಿದ್ದರು. ಅದನ್ನು ಅವರು ಕೆಂಪು ವೈನ್‌ಗೆ ಬಳಸುವ ಪದಗಳಿಂದಲೇ ಬಣ್ಣಿಸಿದರು. ಕಲಿತವರ ಮೂಗನ್ನೂ ಕಣ್ಣು ಹೀಗೆ ಎಳೆದುಕೊಂಡು ಹೋಗುತ್ತದೆ. ಕಪ್‌ಕೇಕುಗಳ ರುಚಿ ಹೋಲಿಸುವಾಗ ಒಂದು ಸಲ ಕಣ್ಣು ಮುಚ್ಚಿ ತಿಂದರೆ ಒಳ್ಳೆಯದು.

ಇನ್ನು ಫ್ರಿಜ್ ವಿಷಯ. ಎಷ್ಟೋ ಮನೆಗಳಲ್ಲಿ ತಂದ ಡಬ್ಬಿ ನೇರ ಫ್ರಿಜ್‌ಗೆ ಹೋಗುತ್ತದೆ, ತಿನ್ನುವಾಗ ನೇರ ಬಾಯಿಗೆ. ಇದರಿಂದ ಮೂರು ನಷ್ಟ. ಬೆಣ್ಣೆ ಕ್ರೀಮು ಗಟ್ಟಿಯಾಗಿ ಮೇಣದ ಹಾಗೆ ಹಲ್ಲಿಗೆ ಸಿಗುತ್ತದೆ. ತಣ್ಣಗಿನ ಕ್ರೀಮಿನಿಂದ ಪರಿಮಳದ ಅಣುಗಳು ಏಳುವುದು ಕಡಿಮೆ. ಸಿಹಿಯೂ ಕಡಿಮೆ ಅನ್ನಿಸುತ್ತದೆ. ಸಿಹಿಯ ಸುದ್ದಿ ಮುಟ್ಟಿಸುವ ರುಚಿ ಕೋಶಗಳಲ್ಲಿ ಟಿಆರ್‌ಪಿಎಂ5 ಎಂಬ ಒಂದು ದ್ವಾರ ಇದೆ. 15ರಿಂದ 35 ಡಿಗ್ರಿ ನಡುವೆ ಬಿಸಿ ಏರಿದ ಹಾಗೆ ಅದು ಚುರುಕಾಗುತ್ತದೆ ಎಂದು 2005ರಲ್ಲಿ ಗೊತ್ತಾಯಿತು. ಕರಗಿದ ಐಸ್‌ಕ್ರೀಂ ಅಷ್ಟು ಸಿಹಿ ಅನ್ನಿಸುವುದು ಇದಕ್ಕೇ.

ಕೇಕಿಗೂ ಫ್ರಿಜ್ ಆಗಿಬರುವುದಿಲ್ಲ. ಬೆಂದಾಗ ಉಬ್ಬಿದ್ದ ಪಿಷ್ಟದ ಎಳೆಗಳು ತಣ್ಣಗಾದ ಮೇಲೆ ಮತ್ತೆ ಒತ್ತೊತ್ತಾಗಿ ಜೋಡಿಕೊಳ್ಳುತ್ತವೆ, ನೀರನ್ನು ಹೊರಗೆ ತಳ್ಳುತ್ತವೆ. ಈ ಜೋಡಣೆ ಕೋಣೆಯ ಉಷ್ಣತೆಗಿಂತ ಫ್ರಿಜ್‌ನ 4-5 ಡಿಗ್ರಿಯಲ್ಲೇ ಬೇಗ ನಡೆಯುತ್ತದೆ. ರಾತ್ರಿ ಫ್ರಿಜ್‌ನಲ್ಲಿಟ್ಟ ಅನ್ನ ಬೆಳಗ್ಗೆ ಬಿರುಸಾಗಿರುವುದೂ ಇದೇ ಕಾರಣಕ್ಕೆ. ಮ್ಯಾಗ್ನೋಲಿಯಾದ ಪುಸ್ತಕವೂ ಬೆಣ್ಣೆ ಕ್ರೀಮನ್ನು ಫ್ರಿಜ್‌ಗೆ ಹಾಕದೆ ಕೋಣೆಯ ಉಷ್ಣತೆಯಲ್ಲೇ ಇಡಿ, ತಣ್ಣಗಾದರೆ ಗಟ್ಟಿಯಾಗುತ್ತದೆ ಎಂದೇ ಹೇಳುತ್ತದೆ. ತಾಜಾ ಹಾಲಿನ ಕ್ರೀಮು ಅಥವಾ ಕ್ರೀಮ್ ಚೀಸ್ ಇರುವ ಕಪ್‌ಕೇಕ್ ಆದರೆ ಬೇರೆ ಮಾತು. ಅವು ಕೆಡುತ್ತವೆ, ಫ್ರಿಜ್‌ನಲ್ಲೇ ಇರಬೇಕು, ತಿನ್ನುವ ಸ್ವಲ್ಪ ಹೊತ್ತಿನ ಮುಂಚೆ ಹೊರಗೆ ತೆಗೆದರೆ ಸಾಕು.

ನಾಲ್ಕಾರು ಥರ ತಂದು ರುಚಿ ನೋಡುವುದಾದರೆ ಪ್ರತಿಯೊಂದನ್ನೂ ನಾಲ್ಕು ಹೋಳು ಮಾಡಿ. ವೆನಿಲ್ಲಾದಿಂದ ಶುರು ಮಾಡಿ, ಚಾಕೊಲೇಟ್ ಕೊನೆಗಿರಲಿ. ಒಂದೇ ರುಚಿ ತಿನ್ನುತ್ತಾ ಹೋದರೆ ಮೂರನೇ ತುತ್ತಿಗಾಗಲೇ ಆಸೆ ಇಳಿಯುತ್ತದೆ, ಬೇರೆ ರುಚಿ ಬಂದರೆ ಮತ್ತೆ ಏರುತ್ತದೆ. ನಡುನಡುವೆ ಒಂದು ಗುಟುಕು ಬೆಚ್ಚಗಿನ ನೀರು ಕುಡಿಯಿರಿ, ಅಂಗುಳಿನ ಬೆಣ್ಣೆ ಇಳಿದುಹೋಗುತ್ತದೆ. ಫ್ರಿಜ್‌ಗೆ ಹೋಗಿ ಬಿರುಸಾದ ಕಪ್‌ಕೇಕ್ ಉಳಿದಿದ್ದರೆ ಕ್ರೀಮನ್ನು ಚಮಚದಿಂದ ಪಕ್ಕಕ್ಕೆ ತೆಗೆದಿಡಿ, ಬರೀ ಕೇಕನ್ನು ಮೈಕ್ರೋವೇವ್‌ನಲ್ಲಿ ಹತ್ತು ಸೆಕೆಂಡ್ ಬಿಸಿ ಮಾಡಿ. ಜೋಡಿಕೊಂಡಿದ್ದ ಪಿಷ್ಟ ಸಡಿಲವಾಗಿ ಕೇಕು ಮತ್ತೆ ಮೆತ್ತಗಾಗುತ್ತದೆ. ಕ್ರೀಮು ಹಚ್ಚಿ ಆಗಲೇ ತಿಂದುಬಿಡಿ, ಯಾಕೆಂದರೆ ಆರಿದ ಮೇಲೆ ಅದು ಮತ್ತೆ ಗಟ್ಟಿಯಾಗುತ್ತದೆ.